ಒಂದೇ ಬೆಟ್ಟಕ್ಕೆ ಹತ್ತು ಸಲ

ಶನಿವಾರ ತಡರಾತ್ರಿ ಮುಂಬಯಿಯಿಂದ ಕರ್ಜತ್ ಕಡೆಗೆ ಹೊರಡುವ ಲೋಕಲ್ ಗಾಡಿಯಲ್ಲಿ ಎರಡು ಬಗೆಯ ಪ್ರಯಾಣಿಕರು ಇರುತ್ತಾರೆ. ಒಂದು ಗುಂಪಿನವರ ಬೆನ್ನಿಗೆ ದೊಡ್ಡ ಚೀಲ, ಕಾಲಿಗೆ ಬೂಟು, ಜೇಬಿನಲ್ಲಿ ಟಾರ್ಚು. ದಾದರ್, ಠಾಣೆ, ಡೊಂಬಿವಲಿಗಳಲ್ಲಿ ಹತ್ತಿಕೊಂಡು ಒಬ್ಬರನ್ನೊಬ್ಬರು ಕರೆಯುತ್ತ, ಎಣಿಸಿಕೊಳ್ಳುತ್ತ, ನಿದ್ದೆಯೇ ಬೇಡವೆಂಬಂತೆ ಹರಟುತ್ತ ಸಾಗುವವರು. ಇನ್ನೊಂದು ಗುಂಪಿನವರು ಹೋಟೆಲು, ಆಸ್ಪತ್ರೆ, ಕಾವಲುಗಾರಿಕೆಯ ಪಾಳಿ ಮುಗಿಸಿ ನೇರಳ್, ಭಿವಪುರಿ, ಕರ್ಜತ್‌ಗಳ ಮನೆಗೆ ಹೊರಟವರು. ಕಿಟಕಿಯ ಸರಳಿಗೆ ತಲೆ ಆನಿಸಿ ಅವರು ಆಗಲೇ ನಿದ್ದೆ ಹೋಗಿರುತ್ತಾರೆ. ಕೊನೆಯ ನಿಲ್ದಾಣದಲ್ಲಿ ಎರಡೂ ಗುಂಪಿನವರು ಒಟ್ಟಿಗೇ ಇಳಿಯುತ್ತಾರೆ. ಒಬ್ಬರಿಗೆ ಅಲ್ಲಿಂದ ಬೆಟ್ಟ ಶುರು. ಇನ್ನೊಬ್ಬರಿಗೆ ಅದು ಮನೆಯ ದಾರಿ.

ಬೆಟ್ಟಕ್ಕೆ ಹೋಗಿ ಬಂದವರ ಮಾತಿನಲ್ಲಿ ‘ಜಂಜಾಟ’ ಎಂಬ ಪದ ತಪ್ಪದೆ ಬರುತ್ತದೆ. ದಿನನಿತ್ಯದ ಜಂಜಾಟದಿಂದ ಎರಡು ದಿನ ಬಿಡುಗಡೆ ಸಿಕ್ಕಿತು ಎನ್ನುತ್ತಾರೆ. ಕಚೇರಿ, ಇಎಂಐ, ಮಕ್ಕಳ ಪರೀಕ್ಷೆ, ಸೊಸೈಟಿಯ ಜಗಳ ಎಲ್ಲ ಕೆಳಗೆ; ಗಾಳಿ, ಮೋಡ, ಮೌನ ಮೇಲೆ. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆರು ದಿನ ಲೋಕಲ್‌ನಲ್ಲಿ ಜೋತು ಬಿದ್ದವನಿಗೆ ಏಳನೆಯ ದಿನ ಒಂದು ಕೋಟೆಯ ಬುರುಜಿನ ಮೇಲೆ ಕಾಲು ಇಳಿಬಿಟ್ಟು ಕೂರುವ ಹಕ್ಕಿದೆ. ತೊಂದರೆ ಇರುವುದು ಆ ಮಾತಿನ ಕೆಳಗೆ ಅಡಗಿರುವ ಇನ್ನೊಂದು ನಂಬಿಕೆಯಲ್ಲಿ. ಬದುಕು ಒಂದು ಕಡೆ, ಬೆಟ್ಟ ಇನ್ನೊಂದು ಕಡೆ; ಮೊದಲನೆಯದನ್ನು ಮರೆಯಲು ಎರಡನೆಯದು ಇದೆ ಎಂಬ ನಂಬಿಕೆ ಅದು. ಬೆಟ್ಟದಲ್ಲಿ ದಿನನಿತ್ಯವೇ ಇಲ್ಲ ಎಂದು ಅದು ಹೇಳದೆಯೇ ಹೇಳುತ್ತದೆ.

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಕನ್ನಡಿಗರು ಸಂಬಂಧ, ಸಂಬಳ, ವಿದೇಶದ ನೌಕರಿ ಹೀಗೆ ಎಲ್ಲದಕ್ಕೂ ಅನ್ವಯಿಸುತ್ತಾರೆ, ಬೆಟ್ಟವೊಂದನ್ನು ಬಿಟ್ಟು. ಗಾದೆ ಹುಟ್ಟಿದ್ದು ಬೆಟ್ಟವನ್ನು ನೋಡಿಯೇ. ಹತ್ತಿರ ಹೋದರೆ ಕಲ್ಲು, ಮುಳ್ಳು, ಕೊರಕಲು ಕಾಣುತ್ತವೆ ಎಂದು ಅದು ಎಚ್ಚರಿಸುತ್ತದೆ. ವಿಚಿತ್ರವೆಂದರೆ ಈಗಿನ ಪ್ರವಾಸ ಹತ್ತಿರ ಹೋದ ಮೇಲೂ ಬೆಟ್ಟವನ್ನು ನುಣ್ಣಗೆಯೇ ಇಟ್ಟುಕೊಳ್ಳಲು ಕಲಿತಿದೆ. ಒಂದು ಸಲ ಹೋಗಿ, ತುದಿ ಮುಟ್ಟಿ, ಫೋಟೋ ತೆಗೆದು, ಪಟ್ಟಿಯಲ್ಲಿ ಗುರುತು ಹಾಕಿ, ಮುಂದಿನ ವಾರ ಬೇರೆ ಬೆಟ್ಟಕ್ಕೆ ಹೊರಟರೆ ಯಾವ ಬೆಟ್ಟದ ಕೊರಕಲೂ ಕಣ್ಣಿಗೆ ಬೀಳುವುದಿಲ್ಲ.

ಜಂಜಾಟ ಬಿಟ್ಟು ಬೆಟ್ಟ ಹತ್ತುವ ಆಸೆ ಮಾತ್ರ ನಗರದವರ ಹೊಸ ಶೋಕಿ ಏನಲ್ಲ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, ಅಕೋಲೆ ತಾಲೂಕಿನಲ್ಲಿದೆ. ಎತ್ತರ 1646 ಮೀಟರ್. ಬೆಟ್ಟಕ್ಕೆ ಆ ಹೆಸರು ಬಂದ ಬಗ್ಗೆ ಅಲ್ಲಿನ ಕೋಳಿ ಜನರಲ್ಲಿ ಒಂದು ಕಥೆ ಇದೆ. ಕಾಡಿನಲ್ಲಿ ಅಲೆಯುವುದೆಂದರೆ ಇಷ್ಟಪಡುತ್ತಿದ್ದ ಕಳಸೂ ಎಂಬ ಹುಡುಗಿ ತಪ್ಪಲಿನ ಒಂದು ಮನೆಯಲ್ಲಿ ಕೆಲಸಕ್ಕೆ ನಿಂತಳಂತೆ. ಮುಸುರೆ ತಿಕ್ಕುವುದಿಲ್ಲ, ಕಸ ಗುಡಿಸುವುದಿಲ್ಲ ಎಂಬುದು ಅವಳ ಷರತ್ತು. ಕೆಲವು ಕಾಲ ಎಲ್ಲವೂ ಸರಿಯಿತ್ತು. ಒಂದು ದಿನ ಮನೆಯವರು ಅದೇ ಎರಡು ಕೆಲಸಗಳನ್ನು ಹೇಳಿದರು. ಅವಳು ಮಾತಿಲ್ಲದೆ ಮಾಡಿ ಮುಗಿಸಿ, ಬೆಟ್ಟ ಹತ್ತಿ, ತುದಿಯಲ್ಲೇ ಉಳಿದುಬಿಟ್ಟಳು. ಈಗ ಅಲ್ಲಿ ಅವಳ ಪುಟ್ಟ ಗುಡಿ ಇದೆ. ನವರಾತ್ರಿಯಲ್ಲಿ ಸುತ್ತಲಿನ ಹಳ್ಳಿಯವರು ಹತ್ತಿ ಹೋಗಿ ಪೂಜೆ ಮಾಡುತ್ತಾರೆ.

ಶನಿವಾರ ರಾತ್ರಿಯ ಚಾರಣಿಗರಿಗೆ ಇದಕ್ಕಿಂತ ಒಪ್ಪುವ ದೇವತೆ ಸಿಗಲಾರಳು. ಆದರೆ ಕಥೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕಳಸೂ ಸೋಮವಾರ ಬೆಳಿಗ್ಗೆ ವಾಪಸು ಬರಲಿಲ್ಲ. ಮತ್ತು ಅವಳು ಬಿಟ್ಟುಹೋದ ಮನೆಯಲ್ಲಿ ಮರುದಿನದ ಮುಸುರೆಯನ್ನು ಯಾರು ತಿಕ್ಕಿದರು ಎಂದು ಕಥೆ ಹೇಳುವುದಿಲ್ಲ. ಯಾರೋ ತಿಕ್ಕಿರಲೇಬೇಕು. ತಪ್ಪಲಿನ ಹಳ್ಳಿಗಳಲ್ಲಿ ನಸುಕಿಗೇ ಎದ್ದು ಒಲೆ ಹೊತ್ತಿಸಿ, ಇಪ್ಪತ್ತು ಮಂದಿ ಚಾರಣಿಗರಿಗೆ ಪಿಠ್ಲ, ಭಾಕರಿ ಮಾಡಿಕೊಡುವ ಹೆಂಗಸು, ಅವರು ಎದ್ದುಹೋದ ಮೇಲೆ ಇಪ್ಪತ್ತು ತಟ್ಟೆ ಬೆಳಗುತ್ತಾಳೆ. ಒಬ್ಬರ ಬಿಡುವು ಇನ್ನೊಬ್ಬರ ಪಾಳಿಯ ಮೇಲೆ ನಿಂತಿರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆಕೆಗೆ ದುಡ್ಡು ಸಿಗುತ್ತದೆ. ಆದರೆ ಅಲ್ಲಿ ಜಂಜಾಟ ಇಲ್ಲ ಎಂದು ಹೇಳಿಕೊಂಡು ಬರುವುದು ಅವಳ ತಟ್ಟೆಯಲ್ಲಿ ಉಂಡು ಅವಳನ್ನೇ ಇಲ್ಲವಾಗಿಸಿದ ಹಾಗೆ.

ಇನ್ನು ಬೆಟ್ಟ ದಿನನಿತ್ಯದಿಂದ ದೂರ ಇದೆಯೇ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಪ್ರತಿ ಮನೆಯ ನಲ್ಲಿಯಲ್ಲಿದೆ. ಮುಂಬಯಿ ಕುಡಿಯುವ ನೀರಿನ ಬಹುಪಾಲು ಸಹ್ಯಾದ್ರಿಯ ಮಳೆ ತುಂಬಿಸುವ ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳದು. ತಾನ್ಸಾದಿಂದ ನೀರು ಬರುತ್ತಿರುವುದು 1892ರಿಂದ. ಪುಣೆಯ ನಲ್ಲಿಗೆ ನೀರು ಕೊಡುವ ಖಡಕ್‌ವಾಸ್ಲಾ, ಪಾನ್‌ಶೇತ್, ವರಸ್‌ಗಾಂವ್‌ಗಳೆಲ್ಲ ಘಟ್ಟದ ಮಡಿಲಿನಲ್ಲಿವೆ. ಹೈದರಾಬಾದಿಗೆ ನಾಗಾರ್ಜುನಸಾಗರದಿಂದ ಏರಿ ಬರುವ ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ. ಅದೇ ಕೃಷ್ಣೆ ತೆಲುಗು ಗಂಗಾ ಕಾಲುವೆಯಲ್ಲಿ ಹರಿದು ಚೆನ್ನೈಯ ಪೂಂಡಿ ಜಲಾಶಯ ಸೇರುತ್ತಾಳೆ. ಚೆನ್ನೈಗೆ ವೀರಾಣಂ ಕೆರೆಯಿಂದ ಬರುವುದು ಕೊಡಗಿನ ಕಾವೇರಿ. ದೆಹಲಿಯವರ ಯಮುನೆ ಹಿಮಾಲಯದ ಹಿಮ. ವರ್ಷಕ್ಕೆರಡು ಸಲ ಬೆಟ್ಟಕ್ಕೆ ಹೋಗುತ್ತೇವೆ ಎಂದುಕೊಂಡವರ ಮನೆಗೆ ಬೆಟ್ಟ ದಿನಾ ಬೆಳಿಗ್ಗೆ ಬಂದು ಹೋಗುತ್ತಿರುತ್ತದೆ. ಮುಂಬಯಿಗೆ ಕರೆಂಟು ಕೂಡ ಬಹುಕಾಲ ಹೀಗೆಯೇ ಬಂತು. ಲೋನಾವಳದ ಕಡೆ ಕಟ್ಟೆ ಕಟ್ಟಿ ನಿಲ್ಲಿಸಿದ ಮಳೆನೀರು ಖೋಪೋಲಿಗೆ ಧುಮುಕಿ 1915ರಿಂದ ನಗರದ ಗಿರಣಿಗಳನ್ನು ಓಡಿಸಿತು. ಅಂಥದೇ ಇನ್ನೊಂದು ಅಣೆಕಟ್ಟಿಗಾಗಿ ಮುಳ್ಶಿಯ ರೈತರ ಹೊಲ ಮುಳುಗಲಿದ್ದಾಗ, 1921ರಲ್ಲಿ ಪಾಂಡುರಂಗ ಮಹಾದೇವ ಬಾಪಟ್ ಅವರ ಮುಂದಾಳತ್ವದಲ್ಲಿ ಸತ್ಯಾಗ್ರಹ ನಡೆಯಿತು. ಅಣೆಕಟ್ಟೆಯೇ ಗೆದ್ದಿತು. ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಉಳಿಯಿತು.

ಮುಂಬಯಿಗೆ ನೀರು ಕೊಡುವ ಭಾತ್ಸಾ, ತಾನ್ಸಾಗಳಿರುವ ಶಹಾಪುರ ತಾಲೂಕಿನ ಎಷ್ಟೋ ಪಾಡಾಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್‌ನಿಂದ ನೀರು ಬರುತ್ತದೆ. ಜಲಾಶಯ ಕಣ್ಣೆದುರಿಗೆ, ಕೊಡ ತಲೆಯ ಮೇಲೆ. ಮಳೆಗಾಲದಲ್ಲಿ ಜಲಪಾತ ನೋಡಲು ಹೋದವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಆಗ ಎಲ್ಲೆಲ್ಲೂ ನೀರು. ಕಾಣಬೇಕಾದರೆ ಅದೇ ಊರಿಗೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋಗಬೇಕು.

ಇನ್ನೊಮ್ಮೆ ಹೋಗುವುದರಿಂದ ಏನಾಗುತ್ತದೆ ಎಂಬುದನ್ನು ಮಾಳೀಣ್ ಎಂಬ ಹಳ್ಳಿ ತೋರಿಸಿಕೊಟ್ಟಿದೆ. ಪುಣೆ ಜಿಲ್ಲೆಯ ಆಂಬೇಗಾಂವ್ ತಾಲೂಕಿನಲ್ಲಿ, ಭೀಮಾಶಂಕರದ ಸೀಮೆಯಲ್ಲಿದ್ದ ಊರು ಅದು. 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಜರಿದು 150ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಸುದ್ದಿ ಹೊರಗೆ ಬಂದದ್ದು ರಾಜ್ಯ ಸಾರಿಗೆಯ ಒಬ್ಬ ಬಸ್ ಚಾಲಕನಿಂದ. ಎಂದಿನಂತೆ ಆ ದಾರಿಯಲ್ಲಿ ಬಂದವನಿಗೆ ಎಂದಿನ ಜಾಗದಲ್ಲಿ ಊರು ಕಾಣಲಿಲ್ಲ. ಅದೇ ಬೆಳಿಗ್ಗೆ ಮೊದಲ ಸಲ ಆ ರಸ್ತೆಯಲ್ಲಿ ಹೋಗುವ ಪ್ರವಾಸಿಗೆ ಒಂದು ಕೆಂಪು ಇಳಿಜಾರು, ಮಳೆ, ಮಂಜು ಕಂಡಿರುತ್ತಿತ್ತು. ಚೆಂದವೂ ಅನ್ನಿಸಿರುತ್ತಿತ್ತೇನೋ. ಅಲ್ಲಿ ಏನು ಇಲ್ಲ ಎಂದು ಹೇಳಬಲ್ಲವನು ಅಲ್ಲಿ ಏನಿತ್ತು ಎಂದು ಬಲ್ಲವನು ಮಾತ್ರ.

ಒಂಬತ್ತು ವರ್ಷದ ನಂತರ, 2023ರ ಜುಲೈ 19ರ ರಾತ್ರಿ, ಮಾಳೀಣ್‌ನ ದುಃಖ ಮುಂಬಯಿಯ ಚಾರಣಿಗರ ತೀರ ಹತ್ತಿರಕ್ಕೆ ಬಂತು. ರಾಯಗಡ ಜಿಲ್ಲೆಯ ಖಾಲಾಪುರ ತಾಲೂಕಿನ ಇರ್ಶಾಳ್‌ಗಡ ವಾರಾಂತ್ಯದ ಪ್ರಿಯವಾದ ಬೆಟ್ಟ. ಚೌಕ್ ಊರಿನ ಕಡೆಯಿಂದ ಕಾಲುದಾರಿಯಲ್ಲಿ ಹತ್ತಿದರೆ ನಡುವೆ ಸಿಗುತ್ತಿದ್ದದ್ದು ಇರ್ಶಾಳ್‌ವಾಡಿ, ಠಾಕರ್ ಬುಡಕಟ್ಟಿನವರ ವಸತಿ. ಹತ್ತುವವರು ಅಲ್ಲಿ ನೀರು ಕುಡಿಯುತ್ತಿದ್ದರು, ಇಳಿಯುವವರು ಊಟ ಮಾಡುತ್ತಿದ್ದರು. ಆ ರಾತ್ರಿ ಬೆಟ್ಟದ ಮಗ್ಗುಲು ಕುಸಿದು ವಸತಿಯ ಮೇಲೆ ಬಿತ್ತು. 27 ಶವಗಳು ಸಿಕ್ಕವು. 57 ಜನ ಸಿಗಲೇ ಇಲ್ಲ. ನಾಲ್ಕು ದಿನದ ಮೇಲೆ ಹುಡುಕಾಟ ನಿಲ್ಲಿಸಲಾಯಿತು. ರಸ್ತೆಯೇ ಇಲ್ಲದ ಕಾರಣ ದೊಡ್ಡ ಯಂತ್ರಗಳು ಮೇಲೆ ಹೋಗಲಿಲ್ಲ. ಗುದ್ದಲಿ, ಸಲಿಕೆಗಳಲ್ಲೇ ಮಣ್ಣು ತೆಗೆಯಬೇಕಾಯಿತು. ರಕ್ಷಣೆಗೆಂದು ಹತ್ತುತ್ತಿದ್ದ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹೃದಯಾಘಾತದಿಂದ ದಾರಿಯಲ್ಲೇ ತೀರಿಕೊಂಡರು. ಭೂಕುಸಿತದ ಅಪಾಯವಿರುವ ಊರುಗಳ ಸರಕಾರಿ ಪಟ್ಟಿಯಲ್ಲಿ ಇರ್ಶಾಳ್‌ವಾಡಿಯ ಹೆಸರಿರಲಿಲ್ಲ ಎಂಬುದು ಆಮೇಲೆ ವಿಧಾನಸಭೆಯಲ್ಲೇ ಹೊರಬಿತ್ತು.

ನೆರವಿಗೆ ಓಡಿದವರಲ್ಲಿ ಸುತ್ತಮುತ್ತಲಿನ ಚಾರಣ ಬಳಗಗಳ ಹುಡುಗರೂ ಇದ್ದರು. ಕಡಿದಾದ ದಾರಿಯಲ್ಲಿ, ಮಳೆಯಲ್ಲಿ ಹತ್ತುವ ಅಭ್ಯಾಸ ಅಂದು ಉಪಯೋಗಕ್ಕೆ ಬಂತು. ಅದೇ ವಾರ ಮುಂಬಯಿ, ಪುಣೆಗಳ ಎಷ್ಟೋ ಫೋನುಗಳಲ್ಲಿ ಇರ್ಶಾಳ್‌ಗಡದ ಹಳೆಯ ಫೋಟೋಗಳನ್ನು ಜನ ಹುಡುಕಿ ತೆಗೆದಿರಬೇಕು. ತುದಿಯ ಫೋಟೋ ಇರುತ್ತದೆ, ಬಂಡೆಯ ಕಿಂಡಿಯ ಫೋಟೋ ಇರುತ್ತದೆ. ಊಟ ಹಾಕಿದ ಮನೆಯ ಫೋಟೋ ಎಷ್ಟು ಜನರ ಹತ್ತಿರ ಇದ್ದೀತು? ಆ ಮನೆಯವರ ಹೆಸರು ಎಷ್ಟು ಜನರಿಗೆ ನೆನಪಿದ್ದೀತು?

ಮರುವರ್ಷ ಜುಲೈ ಮತ್ತೆ ಬಂತು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ, ಅಂಕೋಲೆಯ ಹತ್ತಿರ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ರಸ್ತೆ ಬದಿಯ ಚಹಾ ಅಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣು, ನೀರುಗಳ ಪಾಲಾದವು. ಮುಂಬಯಿಯಿಂದ ಕಾರಿನಲ್ಲಿ ಉಡುಪಿ, ಕುಂದಾಪುರಕ್ಕೆ ಹೋಗುವವರು ಹಾಯುವ ರಸ್ತೆ ಅದು. ಅದೇ ತಿಂಗಳ 30ರಂದು, ಮಾಳೀಣ್‌ಗೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ವಯನಾಡಿನ ಮುಂಡಕ್ಕೈ, ಚೂರಲ್ಮಲಗಳು ನೆಲಸಮವಾದವು. ರಾಜ್ಯ ಮೂರು, ಭಾಷೆ ಮೂರು. ಬೆಟ್ಟದ ಸಾಲು ಒಂದೇ.

ಇವಕ್ಕೆಲ್ಲ ಕಾರಣಗಳೇನು ಎಂಬ ಚರ್ಚೆ ಹಳೆಯದು. ಮಳೆಯ ಅಬ್ಬರ, ಗುಡ್ಡ ಕಡಿದು ಮಾಡಿದ ರಸ್ತೆ, ಇಳಿಜಾರಿನ ಬೇಸಾಯ, ಗಣಿ, ರೆಸಾರ್ಟು ಹೀಗೆ ಒಂದೊಂದು ಕಡೆ ಒಂದೊಂದು ಸೇರಿಕೊಳ್ಳುತ್ತದೆ. ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿಯದು 2013ರಲ್ಲಿ ಬಂದವು. ಎರಡರ ಬಗ್ಗೆಯೂ ಘಟ್ಟದ ರಾಜ್ಯಗಳು ತಕರಾರು ಎತ್ತಿದವು. ಆ ವಾದ ನಡೆಯಬೇಕಾದದ್ದೇ. ಆದರೆ ವರದಿ ಓದದವನೂ ಮಾಡಬಹುದಾದ ಒಂದು ಕೆಲಸ ಇದೆ. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುವುದು.

ಆ ಕೆಲಸವನ್ನೇ ಹೊಟ್ಟೆಪಾಡಾಗಿ ಮಾಡುವವರಿದ್ದಾರೆ. ಮುಂಬಯಿಯಿಂದ ಮಂಗಳೂರಿನ ಕಡೆಗೆ ಹೋಗುವ ರೈಲುಗಳು ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿಯಲ್ಲಿ, ಕಡಿಮೆ ವೇಗದಲ್ಲಿ ಓಡುತ್ತವೆ. ತಡವಾಯಿತೆಂದು ಗೊಣಗಿಕೊಂಡು ಪ್ರಯಾಣಿಕರು ಹೊದ್ದು ಮಲಗುತ್ತಾರೆ. ಹೊರಗೆ ಕೊಂಕಣ ರೈಲ್ವೆಯ ಗಸ್ತಿನವನು ದೀಪ ಹಿಡಿದು ತನ್ನ ಪಾಲಿನ ಹಳಿಯ ಗುಂಟ ನಡೆಯುತ್ತಿರುತ್ತಾನೆ. ನಿನ್ನೆ ನೋಡಿದ ಅದೇ ಕಟಿಂಗ್, ಅದೇ ಮೋರಿ, ಅದೇ ಬಂಡೆ. ನಿನ್ನೆ ಇಲ್ಲದ ಒಂದು ಒರತೆ ಇಂದು ಇದೆಯೇ, ನಿನ್ನೆ ನೆಟ್ಟಗಿದ್ದ ಮರ ಇಂದು ವಾಲಿದೆಯೇ ಎಂದು ನೋಡುವುದು ಅವನ ಕೆಲಸ. ಸಹ್ಯಾದ್ರಿಯನ್ನು ಅವನಷ್ಟು ಗಮನವಿಟ್ಟು ನೋಡಿದ ಪ್ರವಾಸಿ ಇರಲಾರ. ಅವನು ನೋಡುವುದು ಕೆಲವೇ ಕಿಲೋಮೀಟರು.

ನೂರು ಕೋಟೆಗಳ ಪಟ್ಟಿ ಮುಗಿಸುವುದಕ್ಕಿಂತ ಒಂದೇ ಬೆಟ್ಟಕ್ಕೆ ಹತ್ತು ಸಲ ಹೋಗುವುದು ಮೇಲು ಎಂಬ ಮಾತು ಹುಟ್ಟುವುದು ಇಲ್ಲಿಂದ. ಮೊದಲ ಸಲ ಹೋದವನಿಗೆ ನೋಟ ಸಿಗುತ್ತದೆ. ಎರಡನೆಯ ಸಲ ದಾರಿ ಸಿಗುತ್ತದೆ. ಮೂರು ನಾಲ್ಕನೆಯ ಸಲದ ಹೊತ್ತಿಗೆ ಊಟ ಹಾಕುವ ಮನೆಯ ಮಗ ಯಾವ ತರಗತಿ, ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ, ಹತ್ತಿರದ ಆಸ್ಪತ್ರೆ ಎಲ್ಲಿ ಎಂಬುದು ಕೇಳದೆಯೇ ತಿಳಿದಿರುತ್ತದೆ. ಮೇ ತಿಂಗಳಲ್ಲಿ ಹೋದರೆ ಎಲೆಯ ದೊನ್ನೆಯಲ್ಲಿ ಕರವಂದ ಮಾರುವ ಠಾಕರ್ ಹೆಂಗಸರು ಸಿಗುತ್ತಾರೆ. ಅದು ಶಿರಸಿಯವರ ಕವಳಿ ಹಣ್ಣೇ, ಕರಾವಳಿಯವರ ಕರಂಡೆಯೇ ಎಂದು ಗುರುತು ಹತ್ತಿದ ಕ್ಷಣ ಬಾಲ್ಯದ ಗುಡ್ಡ ಇಲ್ಲಿಯ ಗುಡ್ಡಕ್ಕೆ ಸೇರಿಕೊಳ್ಳುತ್ತದೆ. ಐದಾರನೆಯ ಸಲಕ್ಕೆ ಬೇಸರ ಬರುತ್ತದೆ, ಬರಲೇಬೇಕು. ಬೇಸರ ಬಂದ ಮೇಲೂ ಹೋದವನ ಕಣ್ಣಿಗೆ ಬದಲಾವಣೆ ಬೀಳಲು ಶುರುವಾಗುತ್ತದೆ: ಕಾಲುದಾರಿಯ ಪಕ್ಕ ಹೊಸ ಬಿರುಕು, ಹೋದ ವರ್ಷ ಇದ್ದ ಗದ್ದೆಯ ಸುತ್ತ ಈಗ ರೆಸಾರ್ಟಿನ ಬೇಲಿ.

ಇದು ಬರಿಯ ಉಪದೇಶವಲ್ಲ ಎಂಬುದಕ್ಕೆ ಪುಣೆಯ ವೇತಾಳ ಟೇಕಡಿ ಸಾಕ್ಷಿ. ನಗರದ ನಡುವಿನ ಸಾಧಾರಣ ಗುಡ್ಡ ಅದು. ಅದನ್ನು ಏರಿದೆ ಎಂದು ಯಾರೂ ಹೆಮ್ಮೆಪಡುವುದಿಲ್ಲ. ಬೆಳಿಗ್ಗೆ ವಾಯುವಿಹಾರಕ್ಕೆ ಹೋಗುತ್ತಾರೆ, ಅಷ್ಟೆ. ಆ ಗುಡ್ಡದಲ್ಲಿ ರಸ್ತೆ, ಸುರಂಗಗಳ ಯೋಜನೆ ಬಂದಾಗ 2023ರಲ್ಲಿ ಸಾವಿರಾರು ಜನ ಬೀದಿಗಿಳಿದು ಗುಡ್ಡ ಉಳಿಸಿ ಎಂದರು. ಹಾಗೆ ಬೀದಿಗಿಳಿಸಿದ್ದು ದಿನನಿತ್ಯದ ಪರಿಚಯ. ದೇಶದ ತುಂಬ ಶಿಖರ ಏರಿ ಬಂದವರಿಗೆ ಆ ಶಿಖರಗಳಿಗಾಗಿ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಬೇಕೆನ್ನಿಸುವುದು ಕಡಿಮೆ.

ಚೆನ್ನೈಯವರಿಗೆ ಇನ್ನೂ ಹಳೆಯ ಮಾದರಿ ಹತ್ತಿರದಲ್ಲೇ ಇದೆ. ತಿರುವಣ್ಣಾಮಲೈಯಲ್ಲಿ ಪ್ರತಿ ಹುಣ್ಣಿಮೆಗೆ ಜನ ಅರುಣಾಚಲ ಬೆಟ್ಟದ ಸುತ್ತ ಬರಿಗಾಲಿನಲ್ಲಿ 14 ಕಿಲೋಮೀಟರು ನಡೆಯುತ್ತಾರೆ. ತುದಿಗೆ ಹೋಗುವುದಿಲ್ಲ. ಸುತ್ತು ಮುಗಿಸಿ ಬಸ್ಸು ಹಿಡಿದು ಊರಿಗೆ ವಾಪಸು, ಮರುದಿನ ಕೆಲಸ. ಮುಂದಿನ ಹುಣ್ಣಿಮೆಗೆ ಅದೇ ಬೆಟ್ಟ, ಅದೇ ದಾರಿ. ಭಕ್ತಿ ಇಲ್ಲದವನೂ ಇದರಿಂದ ಕಲಿಯಬಹುದಾದದ್ದು ಇದೆ. ಬೆಟ್ಟವನ್ನು ತಿಂಗಳ ಲೆಕ್ಕದೊಳಗೆ, ಹಾಲಿನವನ ಲೆಕ್ಕದ ಹಾಗೆ, ಸೇರಿಸಿಕೊಳ್ಳಲು ಸಾಧ್ಯವಿದೆ.

ಇದಕ್ಕೆ ಎದುರುವಾದಗಳು ಇಲ್ಲದಿಲ್ಲ. ರಜೆ ಸಿಗುವುದೇ ಅಪರೂಪ, ಆಗಲೂ ನೋಡಿದ್ದನ್ನೇ ನೋಡಬೇಕೇ ಎಂದು ಇಪ್ಪತ್ತೈದರ ಹುಡುಗ ಕೇಳಿದರೆ ಅವನ ಕಡೆ ನ್ಯಾಯವಿದೆ. ಹಿಮಾಲಯವನ್ನು ಮೊದಲ ಸಲ ಕಂಡಾಗ ಆಗುವ ಬೆರಗಿಗೆ ಬದಲಿ ಇಲ್ಲ. ಆ ಬೆರಗು ಎಲ್ಲರಿಗೂ ಒಮ್ಮೆಯಾದರೂ ಸಿಗಬೇಕು. ಹೊಸಬರು ಬರದಿದ್ದರೆ ತಪ್ಪಲಿನ ಮನೆಗಳ ಸಂಪಾದನೆ ನಿಲ್ಲುತ್ತದೆ ಎಂಬುದೂ ನಿಜ. ಆದರೆ ಸಂಪಾದನೆಯ ಮಾತಿಗೆ ಬಂದರೆ, ಜುಲೈನ ನಾಲ್ಕು ಭಾನುವಾರ ಐನೂರು ಜನ ನುಗ್ಗಿ ಉಳಿದ ತಿಂಗಳು ಯಾರೂ ಬರದ ಊರಿಗಿಂತ, ವರ್ಷವಿಡೀ ಹತ್ತಾರು ಗುರುತಿನವರು ಬಂದು ಹೋಗುವ ಊರಿನ ಒಲೆ ಹೆಚ್ಚು ನೆಮ್ಮದಿಯಿಂದ ಉರಿಯುತ್ತದೆ. ಗುರುತಿನವನು ತಟ್ಟೆಯ ದುಡ್ಡಿಗೆ ಚೌಕಾಶಿ ಮಾಡುವುದಿಲ್ಲ. ಪ್ಲಾಸ್ಟಿಕ್ಕನ್ನು ಬಿಸಾಡಲು ಸಂಕೋಚಪಡುತ್ತಾನೆ, ಏಕೆಂದರೆ ಮುಂದಿನ ತಿಂಗಳು ಅದೇ ಮುಖ ನೋಡಬೇಕು.

ಅಷ್ಟೂ ಜನ ಒಂದೇ ದಿನ ಬಂದರೆ ಏನಾಗುತ್ತದೆ ಎಂಬುದು ಕರ್ನಾಟಕಕ್ಕೂ ಗೊತ್ತಾಗಿದೆ. 2024ರ ಜನವರಿ 26ರ ವಾರಾಂತ್ಯದಲ್ಲಿ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ಕಿಕ್ಕಿರಿದ ಚಿತ್ರಗಳು ಎಲ್ಲೆಡೆ ಹರಡಿದವು. ಸರಕಾರ ಚಾರಣಗಳಿಗೆ ತಾತ್ಕಾಲಿಕ ತಡೆ ಹಾಕಿತು. ಆಮೇಲೆ ಆನ್‌ಲೈನ್ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದವು. ಮಿತಿ ಬೇಕಾದದ್ದೇ. ಆದರೆ ಅದು ಬರುವವರ ಸಂಖ್ಯೆಯನ್ನು ಇಳಿಸಬಲ್ಲದು, ಬಂದವರಿಗೆ ಬೆಟ್ಟದ ಗುರುತು ಮಾಡಿಕೊಡಲಾರದು.

ಅದೇ ಕುಮಾರ ಪರ್ವತದ ಆಸುಪಾಸಿನ ಕಾಡಿನಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’ ನಡೆಯುತ್ತದೆ. 1943ರಲ್ಲಿ ಬಂದ ಕಾದಂಬರಿ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ವೃದ್ಧ ದಂಪತಿಯ ಮನೆ ಸೇರುತ್ತಾನೆ, ಒಂದು ರಾತ್ರಿಗೆಂದು ಬಂದವನು ಕೆಲವು ದಿನ ಉಳಿಯುತ್ತಾನೆ. ಅವನು ಕಾಣುವುದು ತೋಟ, ಅಡಿಗೆ, ಕಾಡುಪ್ರಾಣಿಗಳ ಕಾಟ, ಮನೆ ಬಿಟ್ಟು ಹೋದ ಮಗನಿಗಾಗಿ ಕಾಯುವ ತಂದೆ ತಾಯಿ. ಕನ್ನಡದಲ್ಲಿ ಬೆಟ್ಟದ ಬಗ್ಗೆ ಬಂದ ಅತಿ ಒಳ್ಳೆಯ ಪುಸ್ತಕಗಳಲ್ಲಿ ಒಂದಾದ ಇದು ಪೂರ್ತಿಯಾಗಿ ದಿನನಿತ್ಯದ ಪುಸ್ತಕ. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ ಸೇರಿದವರು ಅದನ್ನು ಓದುವಾಗ ತಾವು ಆ ಪ್ರಯಾಣಿಕನೋ ಅಥವಾ ಬಾರದ ಮಗನೋ ಎಂದು ಒಂದು ಕ್ಷಣ ತಡವರಿಸಿದರೆ ಆಶ್ಚರ್ಯವಿಲ್ಲ.

ಕನ್ನಡದ ‘ಘಟ್ಟ’ ಎಂಬ ಪದದಲ್ಲೂ ಈ ತಿಳಿವಳಿಕೆ ಇದೆ. ಬೆಟ್ಟದ ಸಾಲಿಗೂ ಅದೇ ಹೆಸರು, ಬದುಕಿನ ಒಂದು ಹಂತಕ್ಕೂ ಅದೇ ಹೆಸರು. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ಜನ ತಮ್ಮನ್ನು ಕರೆದುಕೊಂಡದ್ದು ಅದನ್ನು ಹತ್ತಿಳಿದು ಬದುಕಿದ್ದರಿಂದ. ಉಪ್ಪು ಮೇಲೆ ಹೋಗುತ್ತಿತ್ತು, ಅಡಿಕೆ, ಮೆಣಸು ಕೆಳಗೆ ಬರುತ್ತಿದ್ದವು. ಹೆಣ್ಣು ಕೊಟ್ಟು ತರುವುದೂ ನಡೆಯುತ್ತಿತ್ತು. ಆ ದಾರಿಯಲ್ಲಿ ನಡೆದವರು ಬೆಟ್ಟವನ್ನು ಗೆದ್ದೆವು ಎಂದುಕೊಂಡಿರಲಾರರು. ಸಂತೆಗೆ ಹೋಗಿ ಬಂದೆವು ಎಂದುಕೊಂಡರು.

ಭಾನುವಾರ ಸಂಜೆ ಕರ್ಜತ್‌ನಿಂದ ಮುಂಬಯಿಗೆ ಮರಳುವ ಲೋಕಲ್‌ನಲ್ಲಿ ಮತ್ತೆ ಎರಡೂ ಬಗೆಯವರು ಸಿಗುತ್ತಾರೆ. ಈಗ ನಿದ್ದೆ ತೂಗುವವರು ಚಾರಣಿಗರು. ರಾತ್ರಿ ಪಾಳಿಗೆ ಹೊರಟವರು ಎಚ್ಚರವಾಗಿರುತ್ತಾರೆ. ಮುಂದಿನ ವಾರ ಎಲ್ಲಿಗೆ ಎಂಬ ಮಾತು ಗುಂಪಿನಲ್ಲಿ ಎದ್ದಾಗ ಯಾರಾದರೂ ಒಬ್ಬರು ಇವತ್ತಿನ ಬೆಟ್ಟಕ್ಕೇ ಇನ್ನೊಮ್ಮೆ ಹೋಗೋಣ ಎಂದರೆ ಉಳಿದವರು ನಗಬಹುದು. ನಕ್ಕರೂ ಅಡ್ಡಿಯಿಲ್ಲ. ಊಟ ಹಾಕಿದ ಮನೆಯವರ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಶುರು ಮಾಡಬಹುದು. ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದಾಗ ಫೋನು ಮಾಡಿ, ಅಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಲು ಒಂದು ನಂಬರಾದರೂ ಇರುತ್ತದೆ.